ಮಂಡಿಯೂರಿದ್ದು ಕೋಚೋ, ಸರ್ಕಾರವೋ?

ಆಯುಧಪೂಜೆ ದಿನ ನಮ್ಮ ಸರ್ಕಾರಿ ಬಸ್ಸಿಗೆ ಬಾಳೆಕಂದು ಕಟ್ಟುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಡಿಪೋ ಮುಂದೆ ಬೂದುಗುಂಬಳ ಒಡೆಯುತ್ತಾರೆ. ಟೂರ್ನಮೆಂಟ್ ಶುರುವಾಗುವ ಮುಂಚೆ ಪಿಚ್ ಪಕ್ಕ ಒಂದು ತೆಂಗಿನಕಾಯಿ ಒಡೆದರೆ ಅದು ಸುದ್ದಿಯೇ ಅಲ್ಲ. ಹೀಗೆ ಬೆಳೆದ ನಮಗೆ ಅಮೆರಿಕದ ಒಂದು ಜಗಳ ಅರ್ಥವಾಗುವುದು ಸ್ವಲ್ಪ ಕಷ್ಟ. ಅಲ್ಲಿ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಒಬ್ಬರು ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಅರ್ಧ ನಿಮಿಷ ಮಂಡಿಯೂರಿ ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಅದರ ಗಲಾಟೆ ಶುರುವಾಗಿದ್ದು 2015ರಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2022ರಲ್ಲಿ.

ಇದರಿಂದ ನಮಗೇನು ಅಂತೀರಾ? ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಈಗ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಮೊದಲ ಶನಿವಾರ ಸ್ಟೇಡಿಯಮ್ಮಿಗೆ ಹೋಗಿ ಕೂತಾಗ ಮೈಕಿನಲ್ಲಿ ಪ್ರಾರ್ಥನೆ ಕೇಳಿಸಬಹುದು. ತಂಡಕ್ಕೆ ಸೇರಿದರೆ, ಪಂದ್ಯದ ಮುಂಚೆ ಎಲ್ಲರೂ ಕೈ ಕೈ ಹಿಡಿದು ತಲೆ ಬಗ್ಗಿಸಬಹುದು. ಆಗ "ಇದು ಸರಿನಾ? ನಾನೂ ತಲೆ ಬಗ್ಗಿಸಬೇಕಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅಲ್ಲಿನ ಕಾನೂನು ಏನು ಹೇಳುತ್ತದೆ, ಎಲ್ಲಿ ಗಟ್ಟಿಯಾಗಿ ಹೇಳುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡೋಣ.

ಸರ್ಕಾರಿ ಅಂದರೆ ಯಾವುದು?

ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ಎರಡು ಬಗೆ. ಫ್ಲೋರಿಡಾ, ಟೆನ್ನೆಸ್ಸೀ, ಕೊಲರಾಡೊ, ಕ್ಲೆಮ್ಸನ್, ಆಬರ್ನ್ ಇವೆಲ್ಲ ರಾಜ್ಯ ಸರ್ಕಾರದ ಸಂಸ್ಥೆಗಳು. ನೋಟರ್ ಡೇಮ್ ಕ್ಯಾಥೋಲಿಕರದ್ದು, ಬ್ರಿಗಮ್ ಯಂಗ್ ಮಾರ್ಮನ್ ಪಂಥದವರದ್ದು. ಖಾಸಗಿಯವರು ತಮ್ಮ ಧರ್ಮದ ಪ್ರಕಾರ ನಡೆದುಕೊಳ್ಳಬಹುದು. ಬ್ರಿಗಮ್ ಯಂಗ್ ತಂಡಗಳು ಭಾನುವಾರ ಆಡುವುದೇ ಇಲ್ಲ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಟೂರ್ನಮೆಂಟಿನ ವೇಳಾಪಟ್ಟಿಯನ್ನೇ ಅವರಿಗಾಗಿ ಹೊಂದಿಸುತ್ತಾರೆ. ತಕರಾರು ಏಳುವುದು ಸರ್ಕಾರಿ ಸಂಸ್ಥೆಗಳಲ್ಲಿ. ಅಲ್ಲಿನ ಕೋಚ್ ಸರ್ಕಾರಿ ನೌಕರ.

ನೌಕರ ಅಂದರೆ ಯಾವ ಮಟ್ಟದ ನೌಕರ ಗೊತ್ತಾ? ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಅದು ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವ ಆಟ. ಟೆನ್ನೆಸ್ಸೀ ವಿಶ್ವವಿದ್ಯಾಲಯದ ನೇಲೆಂಡ್ ಸ್ಟೇಡಿಯಮ್ಮಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಎರಡು ಚಿನ್ನಸ್ವಾಮಿ ಸೇರಿಸಿದರೂ ಅಷ್ಟಾಗಲ್ಲ. ದಕ್ಷಿಣದ ರಾಜ್ಯಗಳಲ್ಲಿ ಶನಿವಾರ ಫುಟ್‌ಬಾಲ್, ಭಾನುವಾರ ಚರ್ಚು. ಎರಡಕ್ಕೂ ಹೋಗುವವರು ಹೆಚ್ಚುಕಡಿಮೆ ಅದೇ ಜನ. ಹಾಗಾಗಿ ಎರಡೂ ಒಂದರೊಳಗೊಂದು ಸೇರಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಒಂದೇ ವಾಕ್ಯದಲ್ಲಿ ಎರಡು ಬೇಲಿ

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿ ಧರ್ಮದ ಬಗ್ಗೆ ಎರಡು ಮಾತು ಹೇಳುತ್ತದೆ. ಸರ್ಕಾರ ಯಾವ ಧರ್ಮವನ್ನೂ ತನ್ನದೆಂದು ನಿಲ್ಲಿಸಕೂಡದು. ಹಾಗೆಯೇ, ಯಾರೇ ಆಗಲಿ ತಮ್ಮ ಧರ್ಮ ಆಚರಿಸುವುದನ್ನು ಸರ್ಕಾರ ತಡೆಯಕೂಡದು. ಅದೇ ತಿದ್ದುಪಡಿ ಮಾತಿನ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಮೊದಲು ಇದು ಕೇಂದ್ರ ಸರ್ಕಾರಕ್ಕೆ ಮಾತ್ರ ಅನ್ವಯವಾಗುತ್ತಿತ್ತು. 1940 ಮತ್ತು 1947ರ ತೀರ್ಪುಗಳ ನಂತರ ರಾಜ್ಯಗಳಿಗೂ, ಅಂದರೆ ರಾಜ್ಯದ ಶಾಲೆ ಕಾಲೇಜುಗಳಿಗೂ ಅನ್ವಯವಾಯಿತು.

ಎರಡೂ ಬೇಲಿ ಒಂದೇ ಜಾಗದಲ್ಲಿ ಹೇಗೆ ಅಡ್ಡ ಬರುತ್ತವೆ ಎನ್ನುವುದಕ್ಕೆ ನಮ್ಮ ಕಡೆಯದೇ ಒಂದು ದೃಶ್ಯ ನೋಡಿ. ಪಹಣಿ ತಿದ್ದುಪಡಿಗೆ ಅಂತ ತಾಲ್ಲೂಕು ಕಚೇರಿಗೆ ಹೋಗಿದ್ದೀರಿ. ಗುಮಾಸ್ತರ ಹಣೆಯಲ್ಲಿ ವಿಭೂತಿ ಇದೆ, ಪಕ್ಕದ ಮೇಜಿನವರ ಕುತ್ತಿಗೆಯಲ್ಲಿ ಶಿಲುಬೆ ಇದೆ. ನಿಮಗೇನು ತೊಂದರೆ? ಏನೂ ಇಲ್ಲ. ಅದು ಅವರವರದ್ದು. "ದೇವರಿಗೆ ಕೈ ಮುಗಿದರಷ್ಟೇ ಸಹಿ" ಎಂದು ಗುಮಾಸ್ತರು ಹೇಳಿದರೆ? ಅದು ತಪ್ಪೆನ್ನಲು ವಕೀಲರು ಬೇಕಿಲ್ಲ. ಕಷ್ಟ ಇರುವುದು ಇವೆರಡರ ನಡುವೆ. ಹನ್ನೊಂದು ಗಂಟೆಗೆ ಅವರು ಕಚೇರಿಯಲ್ಲೇ ಮಂಗಳಾರತಿ ಎತ್ತುತ್ತಾರೆ. ಯಾರನ್ನೂ ಕರೆಯುವುದಿಲ್ಲ. ಸುತ್ತ ಇದ್ದವರೆಲ್ಲ ಎದ್ದು ನಿಂತರು. ನಿಮ್ಮ ಫೈಲು ಅವರ ಮೇಜಿನ ಮೇಲಿದೆ. ನೀವು ಕೂತೇ ಇರುತ್ತೀರಾ?

ಮುಂದೆ ಬರುವ ಹೆಚ್ಚಿನ ಮೊಕದ್ದಮೆಗಳು ಈ ಮಂಗಳಾರತಿಯ ಸುತ್ತಲೇ ತಿರುಗುತ್ತವೆ.

ನಮ್ಮ ಸಂವಿಧಾನದ 28ನೇ ವಿಧಿಯೂ ಹತ್ತಿರದ ಮಾತನ್ನೇ ಹೇಳುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಅನುದಾನಿತ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಪೂಜೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಆದರೆ ನಮ್ಮಲ್ಲಿ ಜಾತ್ಯತೀತ ಅಂದರೆ ಎಲ್ಲ ಧರ್ಮಕ್ಕೂ ಜಾಗ ಎಂಬ ಭಾವನೆ ಜಾಸ್ತಿ. ಅವರಲ್ಲಿ ಸರ್ಕಾರ ಯಾರ ಪೂಜೆಗೂ ಆರತಿ ತಟ್ಟೆ ಹಿಡಿಯಬಾರದು ಎಂಬ ಭಾವನೆ ಜಾಸ್ತಿ.

ಮೈಕು ಯಾರ ಕೈಯಲ್ಲಿದೆ?

ಮೊದಲು ಸುಲಭದ್ದು. ಟೆಕ್ಸಸ್ಸಿನ ಸಾಂಟಾ ಫೆ ಎಂಬ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರತಿ ಫುಟ್‌ಬಾಲ್ ಪಂದ್ಯಕ್ಕೂ ಮುಂಚೆ ಧ್ವನಿವರ್ಧಕದಲ್ಲಿ ಪ್ರಾರ್ಥನೆ ಆಗುತ್ತಿತ್ತು. ಹೇಳುತ್ತಿದ್ದದ್ದು ವಿದ್ಯಾರ್ಥಿ. ಅವರನ್ನು ಆರಿಸುತ್ತಿದ್ದದ್ದೂ ವಿದ್ಯಾರ್ಥಿಗಳೇ, ವೋಟು ಹಾಕಿ. ಹಾಗಾದರೆ ಸರ್ಕಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ಶಾಲೆ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ಒಪ್ಪಲಿಲ್ಲ. ಶಾಲೆಯ ಮೈದಾನ, ಶಾಲೆಯ ಮೈಕು, ಶಾಲೆಯ ಕಾರ್ಯಕ್ರಮ. ಕೇಳುವವರಿಗೆ ಅದು ಶಾಲೆಯ ಮಾತಾಗಿಯೇ ಕೇಳುತ್ತದೆ. ವೋಟು ಹಾಕಿದರೆ ಗೆಲ್ಲುವುದು ಹೆಚ್ಚು ಜನರ ಧರ್ಮ ತಾನೆ?

ಈ ಕೇಸು ಹಾಕಿದವರು ನಾಸ್ತಿಕರು ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಲ್ಲ. ಒಂದು ಕ್ಯಾಥೋಲಿಕ್ ಕುಟುಂಬ, ಒಂದು ಮಾರ್ಮನ್ ಕುಟುಂಬ. ಇಬ್ಬರೂ ಯೇಸುವನ್ನು ನಂಬುವವರೇ. ಮೈಕಿನಲ್ಲಿ ಬರುತ್ತಿದ್ದದ್ದು ತಮ್ಮ ರೀತಿಯ ಪ್ರಾರ್ಥನೆ ಅಲ್ಲ ಎಂಬುದು ಅವರ ಸಂಕಟ. ಊರಿನವರ ಕಾಟಕ್ಕೆ ಹೆದರಿ ಹೆಸರು ಮುಚ್ಚಿಟ್ಟುಕೊಂಡೇ ಕೋರ್ಟಿಗೆ ಹೋದರು.

ಫ್ಲೋರಿಡಾದಲ್ಲಿ ಇನ್ನೊಂದು ಮಜವಾದ ಕೇಸು. 2015ರ ಫೈನಲ್ಲಿಗೆ ಬಂದ ಎರಡೂ ಶಾಲೆಗಳು ಖಾಸಗಿ ಕ್ರೈಸ್ತ ಶಾಲೆಗಳು. "ಇಬ್ಬರಿಗೂ ಬೇಕು, ಮೈಕಿನಲ್ಲಿ ಪ್ರಾರ್ಥನೆ ಮಾಡುತ್ತೇವೆ" ಎಂದು ಕೇಳಿದರು. ಪಂದ್ಯ ನಡೆಸುವ ರಾಜ್ಯದ ಕ್ರೀಡಾ ಸಂಘ ಬೇಡ ಎಂದಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸಂಘದ ಪರವಾಗಿಯೇ ಹೇಳಿತು. ಆ ಮೈಕಿನಿಂದ ಬರುವುದು ಸರ್ಕಾರದ ಮಾತು, ಅದರಲ್ಲಿ ಏನು ಬರಬೇಕೆಂದು ಅದೇ ತೀರ್ಮಾನಿಸಬಹುದು. ಆಟಗಾರರು ಮೈದಾನದಲ್ಲಿ ತಾವಾಗಿಯೇ ಸೇರಿ ಪ್ರಾರ್ಥಿಸಿದ್ದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಐವತ್ತು ಗಜದ ಗೆರೆ

ಇನ್ನು ಶುರುವಿನಲ್ಲಿ ಹೇಳಿದ ಕೋಚ್. ಜೋಸೆಫ್ ಕೆನಡಿ ನೌಕಾಪಡೆಯ ಹಡಗುಕಟ್ಟೆ ಇರುವ ಬ್ರೆಮರ್ಟನ್ ಊರಿನವರು, ವಾಷಿಂಗ್ಟನ್ ರಾಜ್ಯ. ಅಲ್ಲಿನ ಪ್ರೌಢಶಾಲೆಯಲ್ಲಿ 2008ರಿಂದ ಸಹಾಯಕ ಕೋಚ್. ಪಂದ್ಯ ಮುಗಿದ ಮೇಲೆ ಮೈದಾನದ ಸರಿ ಮಧ್ಯದ ಐವತ್ತು ಗಜದ ಗೆರೆಗೆ ಹೋಗಿ ಒಬ್ಬರೇ ಮಂಡಿಯೂರುತ್ತಿದ್ದರು. ಮೆಲ್ಲಗೆ ಹುಡುಗರೂ ಬಂದು ಸೇರಿದರು. ಆಮೇಲೆ ಎದುರಾಳಿ ತಂಡದವರೂ. ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2015ರಲ್ಲಿ ವಿಷಯ ಆಡಳಿತದ ಕಿವಿಗೆ ಬಿದ್ದದ್ದು ದೂರಿನಿಂದಲ್ಲ, ಹೊಗಳಿಕೆಯಿಂದ. ಬೇರೆ ತಂಡದ ಕೋಚ್ ಒಬ್ಬರು ಪ್ರಾಂಶುಪಾಲರ ಬಳಿ, ನಿಮ್ಮ ಕೋಚ್ ನಮ್ಮ ಹುಡುಗರನ್ನೂ ಪ್ರಾರ್ಥನೆಗೆ ಕರೆದರು, ಚೆನ್ನಾಗಿತ್ತು ಎಂದರಂತೆ.

ಶಾಲೆ ನಿಲ್ಲಿಸಿ ಎಂದಿತು. ಅವರು ಹುಡುಗರನ್ನು ಕರೆಯುವುದು ಬಿಟ್ಟರು, ಆದರೆ ಮಂಡಿಯೂರುವುದು ಬಿಡಲಿಲ್ಲ. ಶಾಲೆ ರಜೆಯ ಮೇಲೆ ಕಳಿಸಿತು. ಕೇಸು ಶುರುವಾಯಿತು.

2022ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಕೋಚ್ ಪರ ತೀರ್ಪು ಕೊಟ್ಟಿತು. ಪಂದ್ಯ ಮುಗಿದಿದೆ, ಬೇರೆ ಸಿಬ್ಬಂದಿ ಫೋನ್ ನೋಡಿಕೊಳ್ಳುವ, ಗೆಳೆಯರ ಜತೆ ಮಾತಾಡುವ ಹೊತ್ತು ಅದು. ಆಗ ಅವರು ಮಾಡಿದ್ದು ತಮ್ಮ ಸ್ವಂತ ಪ್ರಾರ್ಥನೆ, ಸರ್ಕಾರಿ ಕೆಲಸವಲ್ಲ ಎಂದಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅದರೊಳಗೆ ಫೋಟೋಗಳನ್ನೇ ಹಾಕಿದರು. ಕೋಚ್ ನಡುವೆ ನಿಂತಿದ್ದಾರೆ, ಸುತ್ತ ಹುಡುಗರು ಮಂಡಿಯೂರಿದ್ದಾರೆ. ಒಬ್ಬ ತಂದೆ, ತಮ್ಮ ಮಗ ದೇವರನ್ನು ನಂಬುವವನಲ್ಲ, ಆದರೂ ಆಡುವ ಅವಕಾಶ ಕಡಿಮೆಯಾದೀತೆಂದು ಸೇರಿಕೊಳ್ಳುತ್ತಿದ್ದ ಎಂದು ಹೇಳಿದ್ದೂ ದಾಖಲೆಯಲ್ಲಿದೆ. ಒಂದೇ ಘಟನೆ. ಬಹುಮತಕ್ಕೆ ಕಂಡದ್ದು ವಿಭೂತಿ, ಉಳಿದ ಮೂವರಿಗೆ ಕಂಡದ್ದು ಮಂಗಳಾರತಿ.

ತೀರ್ಪಿನಿಂದ ಅಳತೆಗೋಲೂ ಬದಲಾಯಿತು. ಸರ್ಕಾರ ಧರ್ಮದ ಬೆನ್ನು ತಟ್ಟುತ್ತಿರುವಂತೆ ಕಾಣುತ್ತದೆಯೇ ಎಂದು ಕೋರ್ಟುಗಳು ಮೊದಲು ಕೇಳುತ್ತಿದ್ದವು. 1971ರ ಒಂದು ತೀರ್ಪಿನಿಂದ ಬೆಳೆದ ಪದ್ಧತಿ ಅದು. ಈಗ ಅದನ್ನು ಬದಿಗಿಟ್ಟು, ದೇಶದ ಇತಿಹಾಸದಲ್ಲಿ ಇಂಥದ್ದು ಹೇಗೆ ನಡೆದುಕೊಂಡು ಬಂದಿದೆ, ಯಾರ ಮೇಲಾದರೂ ಬಲವಂತ ಇದೆಯೇ ಎಂದು ನೋಡಬೇಕು. ಅಂದಹಾಗೆ ಕೆನಡಿ 2023ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಮರಳಿದರು, ಒಂದು ಪಂದ್ಯ ಮುಗಿಸಿ ಮಂಡಿಯೂರಿದರು, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು.

ಅದೇ 2022ರಲ್ಲಿ ನಮ್ಮಲ್ಲಿ ಹಿಜಾಬ್ ಪ್ರಕರಣ ನಡೆಯುತ್ತಿತ್ತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಚರ್ಚೆ ಮಾಡಿದವರು ಆಗ ಬಹಳ ಇದ್ದರು. ಇಲ್ಲಿ ಪ್ರಶ್ನೆ ವಿದ್ಯಾರ್ಥಿಯ ಉಡುಪಿನದು, ಅಲ್ಲಿ ನೌಕರನ ಪ್ರಾರ್ಥನೆಯದು. ಹೋಲಿಸುವ ಮುಂಚೆ ಅಷ್ಟು ನೆನಪಿಡಬೇಕು.

ದೊಡ್ಡವರಾದರೆ ಬೇರೆ ಲೆಕ್ಕವೇ?

ಇಲ್ಲಿಯವರೆಗಿನದೆಲ್ಲ ಶಾಲೆಯ ಕತೆ. ಕಾಲೇಜಿನವರು ವಯಸ್ಕರು. ಅವರಿಗೆ ಒಂದು ಪ್ರಾರ್ಥನೆ ಕೇಳಿಸಿಕೊಂಡು ಸುಮ್ನೆ ಇರುವಷ್ಟು ಬುದ್ಧಿ ಇಲ್ಲವೇ?

ಇದನ್ನು ಕೋರ್ಟಿಗೆ ಒಯ್ದವರಲ್ಲಿ ನಮ್ಮ ದೇಶದಿಂದ ಹೋದ ಒಬ್ಬ ಹಿಂದೂ ಪ್ರಾಧ್ಯಾಪಕರೂ ಇದ್ದಾರೆ. ಟೆನ್ನೆಸ್ಸೀ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಪ್ರೊ. ಚೌಧುರಿ. ಘಟಿಕೋತ್ಸವ ಮೊದಲಾದ ಸಮಾರಂಭಗಳಲ್ಲಿ ಕ್ರೈಸ್ತ ಪ್ರಾರ್ಥನೆ ಏಕೆ ಎಂದು ಅವರು ಕೇಳಿದರು. ವಿಶ್ವವಿದ್ಯಾಲಯ ಪ್ರಾರ್ಥನೆ ಬಿಟ್ಟು ಮೌನಾಚರಣೆ ಇಟ್ಟಿತು. ಆ ಮೌನದ ಹೊತ್ತಿನಲ್ಲಿ ಏನಾಯಿತು ಗೊತ್ತಾ? ಸಭಿಕರಲ್ಲಿ ಕೆಲವರು ಜೋರಾಗಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಕರ್ತನ ಪ್ರಾರ್ಥನೆ ಶುರುಮಾಡಿದರು. ಮುಗಿದಾಗ ಚಪ್ಪಾಳೆ. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಾಧ್ಯಾಪಕರ ವಿರುದ್ಧ ತೀರ್ಪಿತ್ತಿತು. ಮೌನಾಚರಣೆಯೂ ಸರಿ, ಯಾವುದೇ ಒಂದು ಪಂಥಕ್ಕೆ ಸೇರದ ಪ್ರಾರ್ಥನೆಯೂ ಸರಿ. ಓದಿದ ವಯಸ್ಕರು ಅಷ್ಟರಿಂದ ಮನಸ್ಸು ಬದಲಿಸಿಕೊಳ್ಳುವವರಲ್ಲ, ಎದ್ದು ಹೋಗಲೂ ಬಹುದು ಎಂದಿತು. ಸಭಿಕರ ಪ್ರಾರ್ಥನೆಗೆ ಸಂಸ್ಥೆ ಹೊಣೆಯಲ್ಲ ಎಂದೂ ಹೇಳಿತು. ಕಾನೂನಿನ ಲೆಕ್ಕ ಏನೇ ಇರಲಿ, ಆ ಚಪ್ಪಾಳೆಯ ನಡುವೆ ಅವರಿಗೆ ಹೇಗನಿಸಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಆರು ವರ್ಷದ ನಂತರ ಬೇರೊಂದು ಮೇಲ್ಮನವಿ ನ್ಯಾಯಾಲಯ ಉಲ್ಟಾ ದಿಕ್ಕಿನಲ್ಲಿ ಹೋಯಿತು. ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಸರ್ಕಾರಿ ಕಾಲೇಜು, ಸೈನ್ಯದ ಶಿಸ್ತು. ರಾತ್ರಿ ಊಟದ ಮುಂಚೆ ಕೆಡೆಟ್‌ಗಳೆಲ್ಲ ಎದ್ದು ನಿಂತಿರುವಾಗ ಪ್ರಾರ್ಥನೆ ಓದುತ್ತಿದ್ದರು. ಹುಡುಗರು ವಯಸ್ಕರೇ. ಆದರೆ ಹೇಳಿದ್ದಕ್ಕೆ ಹೂಂ ಅನ್ನುವುದನ್ನೇ ಕಲಿಸುವ ಜಾಗದಲ್ಲಿ ಒಬ್ಬ ಹುಡುಗ ಬೇಡ ಎನ್ನುವುದು ಹೇಗೆ? ಅದು ಬಲವಂತವೇ ಸರಿ, ಸಂವಿಧಾನಕ್ಕೆ ವಿರುದ್ಧ ಎಂದು 2003ರಲ್ಲಿ ಆ ನ್ಯಾಯಾಲಯ ಹೇಳಿತು.

ಈಗ ಹೇಳಿ, ಫುಟ್‌ಬಾಲ್ ತಂಡದ ಡ್ರೆಸ್ಸಿಂಗ್ ರೂಮು ಯಾವುದಕ್ಕೆ ಹತ್ತಿರ? ಅಪ್ಪ ಅಮ್ಮನ ಜತೆ ಎರಡು ಗಂಟೆ ಕೂತು ಬರುವ ಘಟಿಕೋತ್ಸವಕ್ಕೋ, ಬೆಳಗ್ಗೆ ಐದಕ್ಕೆ ಶಿಳ್ಳೆ ಹೊಡೆದು ಎಬ್ಬಿಸುವ ಮಿಲಿಟರಿ ಕಾಲೇಜಿಗೋ? ನನಗೇನೋ ಎರಡನೆಯದಕ್ಕೇ ಹತ್ತಿರ ಅನಿಸುತ್ತದೆ. ಆದರೆ ಕಾಲೇಜು ತಂಡದ ಪ್ರಾರ್ಥನೆಯ ಬಗ್ಗೆ ಸುಪ್ರೀಂ ಕೋರ್ಟ್ ಇವತ್ತಿನವರೆಗೂ ನೇರವಾಗಿ ತೀರ್ಪು ಕೊಟ್ಟಿಲ್ಲ.

ಬೆಂಚಿನ ಭಯ

ಕಾಲೇಜು ಆಟಗಾರನ ಬದುಕು ಕೋಚ್ ಕೈಯಲ್ಲಿ ಇರುತ್ತದೆ. ಯಾರು ಆಡುತ್ತಾರೆ, ಯಾರು ಬೆಂಚಿನ ಮೇಲೆ ಕೂರುತ್ತಾರೆ, ಯಾರ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ, ವೃತ್ತಿಪರ ತಂಡದವರು ಬಂದಾಗ ಯಾರ ಹೆಸರು ಹೇಳುತ್ತಾರೆ, ಎಲ್ಲವೂ. ನಿಮ್ಮ ಫೈಲು ಅವರ ಮೇಜಿನ ಮೇಲೆ ನಾಲ್ಕು ವರ್ಷ ಇರುತ್ತದೆ.

ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯ ಮುಸ್ಲಿಂ ಆಟಗಾರರು 2006ರಲ್ಲಿ ಕೇಸು ಹಾಕಿದರು. ಅಭ್ಯಾಸದ ನಂತರ ತಂಡದವರೆಲ್ಲ ಕರ್ತನ ಪ್ರಾರ್ಥನೆ ಹೇಳಬೇಕಿತ್ತು, ನಾವು ಪಕ್ಕಕ್ಕೆ ನಿಂತು ನಮ್ಮ ಪ್ರಾರ್ಥನೆ ಮಾಡಿಕೊಂಡದ್ದರಿಂದ ಬೇರೆಯವರಾದೆವು, ಕೊನೆಗೆ ತಂಡದಿಂದಲೇ ತೆಗೆದರು ಎಂಬುದು ಅವರ ದೂರು. ತಾರತಮ್ಯ ಮಾಡಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. 2007ರಲ್ಲಿ ರಾಜಿಯಾಯಿತು. ರಾಜಿಯಾದ್ದರಿಂದ ತೀರ್ಪೇ ಬರಲಿಲ್ಲ.

ಉಳಿದ ಎಷ್ಟೋ ಪ್ರಕರಣಗಳು ಕೋರ್ಟಿನ ಮೆಟ್ಟಿಲನ್ನೂ ಹತ್ತುವುದಿಲ್ಲ. ಧರ್ಮ ಮತ್ತು ಸರ್ಕಾರ ಬೇರೆ ಇರಬೇಕು ಎನ್ನುವ ಸಂಘಟನೆಗಳು ಪತ್ರ ಬರೆಯುತ್ತವೆ, ವಿಶ್ವವಿದ್ಯಾಲಯದ ವಕೀಲರು ಉತ್ತರ ಬರೆಯುತ್ತಾರೆ. 2014ರಲ್ಲಿ ಕ್ಲೆಮ್ಸನ್ ಕೋಚ್ ಡ್ಯಾಬೊ ಸ್ವಿನ್ನಿ ತಂಡಕ್ಕೆ ಪಾದ್ರಿಯನ್ನು ಇಟ್ಟುಕೊಂಡ ಬಗ್ಗೆ ದೂರು ಬಂತು. ಅಭ್ಯಾಸದ ಮೈದಾನದಲ್ಲೇ ಆಟಗಾರನೊಬ್ಬನ ದೀಕ್ಷಾಸ್ನಾನ ಆಗಿತ್ತು. ಯಾವ ಧರ್ಮದವರಿಗೂ, ಧರ್ಮವೇ ಇಲ್ಲದವರಿಗೂ ತಂಡದಲ್ಲಿ ಜಾಗ ಇದೆ ಎಂದು ಕೋಚ್ ಉತ್ತರಿಸಿದರು. 2023ರ ಜನವರಿಯಲ್ಲಿ ಕೊಲರಾಡೊದ ಕೋಚ್ ಡಿಯಾನ್ ಸ್ಯಾಂಡರ್ಸ್ ತಂಡದ ಸಭೆಯ ಪ್ರಾರ್ಥನೆಗೆ ದೂರು ಬಂದಾಗ, ಗೆರೆ ಎಲ್ಲಿದೆ ಎಂದು ಅವರಿಗೆ ತಿಳಿಸಿ ಹೇಳಿದ್ದೇವೆ ಎಂದು ವಿಶ್ವವಿದ್ಯಾಲಯ ಉತ್ತರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಬರ್ನ್‌ನಲ್ಲಿ ಒಂದು ಕ್ರೈಸ್ತ ಸಭೆಯ ನಂತರ ಇನ್ನೂರರ ಹತ್ತಿರ ವಿದ್ಯಾರ್ಥಿಗಳು ಕೆರೆಯಲ್ಲಿ ದೀಕ್ಷಾಸ್ನಾನ ಪಡೆದರು, ಫುಟ್‌ಬಾಲ್ ಕೋಚ್ ಹ್ಯೂ ಫ್ರೀಜ್ ಅಲ್ಲಿದ್ದರು. ಅದರ ದೂರಿಗೆ ಉತ್ತರ ಕೊಟ್ಟವರಲ್ಲಿ ಅಲಬಾಮದ ಗವರ್ನರ್ ಕೂಡ ಇದ್ದರು, ವಿದ್ಯಾರ್ಥಿಗಳ ಪರವಾಗಿ.

ಕೋರ್ಟಿಗೆ ಹೋಗದಿರಲು ಒಂದು ಸಾದಾ ಕಾರಣ ಇದೆ. ಕೇಸು ಹಾಕಲು ತೊಂದರೆಯಾದವರು ಬೇಕು, ಸಾಮಾನ್ಯವಾಗಿ ಆಟಗಾರ. ಆಡಬೇಕೆಂದಿರುವ ಹುಡುಗ ತನ್ನ ಕೋಚ್ ಮೇಲೆ ಕೇಸು ಹಾಕುತ್ತಾನಾ?

ಆಟಗಾರ ಸರ್ಕಾರವಲ್ಲ

ಆಟಗಾರರ ವಿಷಯ ಬೇರೆ. ಗೋಲು ಹೊಡೆದು ಆಕಾಶಕ್ಕೆ ಬೆರಳು ತೋರಿಸುವುದು, ಮುಸ್ಲಿಂ ಆಟಗಾರರು ನೆಲಕ್ಕೆ ಹಣೆ ಹಚ್ಚಿ ಸಜ್ದಾ ಮಾಡುವುದು, ತಾವೇ ಸೇರಿ ಪ್ರಾರ್ಥಿಸುವುದು ಅವರ ಹಕ್ಕು. ಇಲ್ಲಿ ಅಡ್ಡ ಬರುವುದು ಆಟದ ನಿಯಮಗಳು.

ಫ್ಲೋರಿಡಾ ವಿಶ್ವವಿದ್ಯಾಲಯದ ಟಿಮ್ ಟೀಬೋ ಇದರ ದೊಡ್ಡ ಉದಾಹರಣೆ. ಬಿಸಿಲಿನ, ದೀಪದ ಝಳ ತಡೆಯಲು ಅಲ್ಲಿನ ಆಟಗಾರರು ಕಣ್ಣ ಕೆಳಗೆ ಕಪ್ಪು ಬಳಿದುಕೊಳ್ಳುತ್ತಾರೆ, ನಮ್ಮ ಕಾಡಿಗೆ ಹರಡಿದ ಹಾಗೆ. 2009ರ ಜನವರಿಯ ರಾಷ್ಟ್ರೀಯ ಫೈನಲ್ಲಿನಲ್ಲಿ ಅವರು ಆ ಕಪ್ಪಿನ ಮೇಲೆ ಬಿಳಿಯಲ್ಲಿ "ಯೋಹಾನ 3:16" ಎಂದು ಬೈಬಲ್ ವಚನದ ಸಂಖ್ಯೆ ಬರೆದುಕೊಂಡು ಬಂದರು. ಟೀವಿ ನೋಡುತ್ತಿದ್ದವರು ಅದೇನೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದ್ದೇ ಹುಡುಕಿದ್ದು. 2010ರಿಂದ ಕಣ್ಣಿನ ಕಪ್ಪಿನ ಮೇಲೆ ಯಾವ ಬರಹವೂ ಕೂಡದು ಎಂಬ ನಿಯಮ ಬಂತು. ಜನ ಅದಕ್ಕೆ ಟೀಬೋ ನಿಯಮ ಎಂದೇ ಹೆಸರಿಟ್ಟರು. ಆದರೆ ಅದು ಧರ್ಮದ ಮೇಲಷ್ಟೇ ಇಟ್ಟ ಕಣ್ಣಲ್ಲ. ಅವರಿಗಿಂತ ಮುಂಚೆ ರೆಗ್ಗಿ ಬುಷ್ ತಮ್ಮೂರಿನ ಫೋನ್ ಕೋಡ್ 619 ಬರೆದುಕೊಳ್ಳುತ್ತಿದ್ದರು, ಅದೂ ನಿಂತಿತು. ಎಲ್ಲರಿಗೂ ಒಂದೇ ನಿಯಮ ಆದರೆ ಅಲ್ಲಿನ ಕಾನೂನು ಸಾಮಾನ್ಯವಾಗಿ ಒಪ್ಪುತ್ತದೆ.

ನಿಯಮ ಮಾಡುವ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಘ ಸರ್ಕಾರವಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಬಿಸಿಸಿಐ ಬಗ್ಗೆ 2005ರಲ್ಲಿ ನಮ್ಮ ಕೋರ್ಟ್ ಹೇಳಿದ ಹಾಗೆ. ಹಾಗಾಗಿ ಸಂವಿಧಾನದ ಮೊದಲ ತಿದ್ದುಪಡಿ ತೋರಿಸಿ ಅದನ್ನು ನೇರವಾಗಿ ಹಿಡಿಯಲಾಗದು. ಆದರೂ ಕೇಳಿದರೆ ದಾರಿ ಸಿಗುತ್ತದೆ. ಬಿಲ್ಕಿಸ್ ಅಬ್ದುಲ್ ಖಾದಿರ್ 2010ರಲ್ಲಿ ಮೆಂಫಿಸ್ ವಿಶ್ವವಿದ್ಯಾಲಯದ ಪರ ಹಿಜಾಬ್ ಹಾಕಿಯೇ ಬಾಸ್ಕೆಟ್‌ಬಾಲ್ ಆಡಿದರು, ಕಾಲೇಜು ಆಟದ ಮೇಲಿನ ದರ್ಜೆಯಲ್ಲಿ ಹಾಗೆ ಆಡಿದವರಲ್ಲಿ ಮೊದಲಿಗರು. ವೃತ್ತಿಪರ ಆಟಕ್ಕೆ ಹೋಗಲು ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಬಿಡಲಿಲ್ಲ. ಆ ನಿಯಮ ಬದಲಾದದ್ದು 2017ರಲ್ಲಿ.

ಸಂಬಳ ಬಂದ ಮೇಲೆ

2025ರ ಜುಲೈ 1ರಿಂದ ಅಮೆರಿಕದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಹಾಗಾದರೆ ಆಟಗಾರ ವಿದ್ಯಾರ್ಥಿಯೋ, ನೌಕರನೋ? ಆ ಜಗಳ ಇನ್ನೂ ಮುಗಿದಿಲ್ಲ. ನೌಕರ ಎಂದಾದರೆ 1964ರ ನಾಗರಿಕ ಹಕ್ಕು ಕಾಯ್ದೆಯೂ ಜತೆಗೆ ಬರುತ್ತದೆ. ಕೆಲಸಗಾರನ ಧರ್ಮಾಚರಣೆಗೆ ಮಾಲೀಕ ಅನುಕೂಲ ಮಾಡಿಕೊಡಬೇಕು ಎನ್ನುವುದು ಅದರ ಒಂದು ಭಾಗ. ಭಾನುವಾರ ಪಾರ್ಸೆಲ್ ಹಂಚಲಾರೆ ಎಂದ ಒಬ್ಬ ಅಂಚೆಯವರ ಕೇಸಿನಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಇನ್ನಷ್ಟು ಬಿಗಿ ಮಾಡಿತು. ಸಣ್ಣಪುಟ್ಟ ತೊಂದರೆಯ ನೆಪ ಸಾಲದು, ಮಾಲೀಕನಿಗೆ ನಿಜಕ್ಕೂ ದೊಡ್ಡ ಹೊರೆಯಾಗುತ್ತದೆ ಎಂದು ತೋರಿಸಬೇಕು. ರಂಜಾನ್ ಉಪವಾಸದಲ್ಲಿರುವ ಹುಡುಗನ ಅಭ್ಯಾಸದ ಹೊತ್ತು, ಶನಿವಾರ ಸಬ್ಬತ್ ಎಂಬ ಧಾರ್ಮಿಕ ವಿಶ್ರಾಂತಿ ದಿನ ಪಾಲಿಸುವ ಹುಡುಗಿಯ ಪಂದ್ಯ, ಮಾಂಸ ತಿನ್ನದವರ ತಂಡದೂಟ, ಇವೆಲ್ಲ ಇವತ್ತು ಕೋಚ್ ಮನಸ್ಸು ಮಾಡಿದರೆ ಆಗುವ ಕೆಲಸಗಳು. ನಾಳೆ ಅರ್ಜಿ ಬರೆದು ಕೇಳಬಹುದಾದ ಕೆಲಸಗಳಾಗಬಹುದು.

ಸದ್ಯಕ್ಕೆ, ಇಲ್ಲಿಂದ ಹೋದವರು ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ತಲೆ ಬಗ್ಗಿಸಿದಾಗ ಸುಮ್ಮನೆ ನೆಟ್ಟಗೆ ನಿಂತಿರಬಹುದು, ಹೊರಗೆ ಹೋಗಿ ಶೂ ಲೇಸು ಕಟ್ಟಿಕೊಳ್ಳಲೂಬಹುದು. ಅದಕ್ಕಾಗಿ ತಂಡದಿಂದ ತೆಗೆಯುವ ಅಧಿಕಾರ ಯಾವ ಸರ್ಕಾರಿ ಕೋಚ್‌ಗೂ ಇಲ್ಲ. ಮುಂದಿನ ಪಂದ್ಯದಲ್ಲಿ ಬೆಂಚಿನ ಮೇಲೆ ಕೂರಿಸಿದರೆ, ಅದು ಪ್ರಾರ್ಥನೆ ಮಾಡದ್ದಕ್ಕೋ ಚೆನ್ನಾಗಿ ಆಡದ್ದಕ್ಕೋ ಎಂದು ಸಾಬೀತು ಮಾಡುವ ಕೆಲಸ ಮಾತ್ರ ಆಟಗಾರನ ತಲೆಗೇ ಬೀಳುತ್ತದೆ.